ಮೇಲಿಂದ ಬಿದ್ದ ಪೇಡೆ

ಮೊಮ್ಮಗಳು ಹುಟ್ಟಿದ ದಿನ ನಾನು ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಚಾಳಿನ ತುಂಬ ಹುಚ್ಚಿಯ ಹಾಗೆ ಓಡಾಡಿದ್ದೆ. ಅದು ತೊಂಬತ್ತರ ದಶಕ. ನಮಗೆಲ್ಲ ಎದುರಿನ ಕಿರಾಣಿ ಅಂಗಡಿಯ ಫೋನೇ ಗತಿ. ಕಲ್ಯಾಣದ ಆಸ್ಪತ್ರೆಯಿಂದ ಮಗ ಫೋನ್ ಮಾಡಿದ, ಅಂಗಡಿಯವ ರಸ್ತೆಯಿಂದಲೇ "ಮುಲ್ಗಿ ಝಾಲೀ!" ಎಂದು ಕೂಗಿದ. ನಾನು ಎರಡು ಕಿಲೋ ಪೇಡೆ ತರಿಸಿದೆ. "ಹೆಣ್ಣಾ?" ಎಂದು ಮುಖ ಸಣ್ಣದು ಮಾಡಿದ ಪಕ್ಕದ ಮನೆಯವಳ ಬಾಯಿಗೆ ಎರಡೆರಡು ತುರುಕಿ ಅವಳ ಮಾತನ್ನು ಅಲ್ಲಿಯೇ ನಿಲ್ಲಿಸಿದೆ. ಪೋಸ್ಟ್‌ಮ್ಯಾನ್ ಬಾಯಿಗೆ, ಹಾಲಿನವನ ಬಾಯಿಗೆ, ನಲ್ಲಿಯ ಮುಂದೆ ಜಗಳ ಆಡುತ್ತಿದ್ದವರ ಬಾಯಿಗೆ, ಯಾರನ್ನೂ ಬಿಡಲಿಲ್ಲ.

ಆ ಹುಡುಗಿ ಈಗ ನನಗಿಂತ ಒಂದು ಗೇಣು ಎತ್ತರ. ಬೇಲಾಪುರದಲ್ಲಿ ಆಫೀಸಿಗೆ ಹೋಗುತ್ತಾಳೆ. ಅವಳು ತಂದುಕೊಟ್ಟ ನೋಟ್‌ಬುಕ್ಕಿನಲ್ಲಿಯೇ ನಾನು ಬರೆಯುತ್ತಿರುವುದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ಅವಳು ತಿದ್ದುತ್ತಾಳೆ. ಬರೆಯಲು ಕೂತದ್ದು ಅವಳು ಹುಟ್ಟಿದ ಖುಷಿಯನ್ನೇ. ಆದರೆ ಆ ಪೇಡೆಯ ಡಬ್ಬಿ ಕಣ್ಣ ಮುಂದೆ ಬಂದರೆ ಅವನೂ ಬರುತ್ತಾನೆ. ಬಾಯಿ ಕಹಿಯಾಗುತ್ತದೆ.

ಅವನು ಗುಲಬರ್ಗಾ ಕಡೆಯವನು. ಮೇಲಿನ ಮಾಳಿಗೆಯ ಕೊನೆಯ ಖೋಲಿಯಲ್ಲಿ ಇನ್ನೂ ಐದು ಜನರೊಟ್ಟಿಗೆ ಇದ್ದ. ಬಣ್ಣ ತಯಾರಿಸುವ ಫ್ಯಾಕ್ಟರಿಯಲ್ಲಿ ಡ್ರಮ್ಮು ಎತ್ತುವ ಕೆಲಸ. ಆ ವಾರ ಯಾವ ಬಣ್ಣದ ಡ್ರಮ್ಮು ಬಂದಿದೆಯೋ ಅವನ ಕೈಯೂ ಅದೇ ಬಣ್ಣ. ಒಂದು ವಾರ ಗುಲಾಬಿ, ಒಂದು ವಾರ ನೀಲಿ. ಚಾಳಿನ ಗಣಪತಿ ಕಾರ್ಯಕ್ರಮದಲ್ಲಿ, ಮಕ್ಕಳ ಡ್ಯಾನ್ಸಿಗೂ ನಾಟಕಕ್ಕೂ ನಡುವೆ, ಅವನು ಮೈಕ್ ಹಿಡಿದು ಒಬ್ಬನೇ ನಿಲ್ಲುತ್ತಿದ್ದ. ವೇಷ ಇಲ್ಲ, ಮೀಸೆ ಅಂಟಿಸುವುದಿಲ್ಲ, ಬರೇ ಮಾತು. ಈಗ ಅದಕ್ಕೆ ಸ್ಟ್ಯಾಂಡ್ ಅಪ್ ಎನ್ನುತ್ತಾರಂತೆ, ಮೊಮ್ಮಗಳು ಹೇಳಿದಳು. ಆಗ ಅದು ನಮಗೆ ತಮಾಷೆ ಐಟಂ.

ತಮಾಷೆ ಎಂದರೆ ಎಂಥದ್ದು! "ಕಲ್ಯಾಣದಿಂದ ಠಾಣೆತನ ಲೋಕಲ್‌ನಾಗ ಯಾರ ಬೆವರು ಯಾರ ಮೈಗೆ ಅಂತ ಯಾರೂ ಕೇಳಂಗಿಲ್ಲ. ಅಷ್ಟು ದೂರ ಜಾತಿ ಇಲ್ಲ. ಸಂಜಿಕ ಮನಿಗೆ ಬಂದು, ಜಳಕಾ ಮಾಡಿ, ಮತ್ತ ಹಚ್ಚಿಕೊಂತಾರ" ಎನ್ನುತ್ತಿದ್ದ. ಮುಂದಿನ ಸಾಲಿನಲ್ಲಿ ಕೂತವರಿಗೆ ನಗಬೇಕೋ ಏಳಬೇಕೋ ಗೊತ್ತಾಗುತ್ತಿರಲಿಲ್ಲ. ಊರಿನಲ್ಲಿ ಮ್ಯಾನೇಜರ್ ಎಂದು ಹೇಳಿಕೊಂಡು ಇಲ್ಲಿ ಹೋಟೆಲಿನಲ್ಲಿ ದೋಸೆ ಹಿಟ್ಟು ರುಬ್ಬುವವರ ಮೇಲೂ ಒಂದಿತ್ತು. ಹಿಟ್ಟು ರುಬ್ಬುತ್ತಿದ್ದ ನನ್ನ ಗಂಡ ಅದಕ್ಕೆ ಕಣ್ಣೀರು ಬರುವಷ್ಟು ನಕ್ಕಿದ್ದರು.

ಪೇಡೆ ಹಂಚಿದ ದಿನ ಅವನು ಪಾಳಿ ಮುಗಿಸಿ ಬಂದವ ನಮ್ಮ ಬಾಗಿಲಲ್ಲಿ ನಿಂತ. "ಆಯಿ ಆದ್ರಲ್ಲಾ!" ಎಂದ. ಅವರ ಕಡೆ ಅಜ್ಜಿಗೆ ಆಯಿ ಎನ್ನುವುದು. ನನ್ನನ್ನು ಅಜ್ಜಿ ಎಂದು ಮೊದಲು ಕರೆದವನು ಅವನೇ. ಆ ಶಬ್ದಕ್ಕೆ ನನ್ನ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಗುಲಾಬಿ ಬಣ್ಣದ ಅಂಗೈ ಚಾಚಿದ. ಎಲ್ಲರ ಬಾಯಿಗೆ ತುರುಕಿದವಳು ನಾನು, ಅವನ ಅಂಗೈಗೆ ಒಂದು ಗೇಣು ಮೇಲಿಂದ ಪೇಡೆ ಬಿಟ್ಟೆ. ನಮ್ಮ ಅಮ್ಮ ಕೆಲವರಿಗೆ ಹಾಗೆ ಕೊಡುತ್ತಿದ್ದರು. ನನ್ನ ಕೈಗೂ ಅದು ಅಭ್ಯಾಸ. ಬಣ್ಣ ಅಂಟುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವನು ತಿಂದು, "ಭಾಳ ರುಚಿ ಅದ" ಎಂದು ಮೆಟ್ಟಿಲು ಹತ್ತಿದ.

ಆ ವರ್ಷದ ಗಣಪತಿಗೆ ಸ್ಟೇಜಿನ ಮೇಲೆ ನಾನೇ ಐಟಂ.

"ನಮ್ಮ ಕಡಿ ಹೊಳಿ ಬಂದಾಗ ಸರಕಾರದವ್ರು ಹೆಲಿಕಾಪ್ಟರ್‌ಲಿಂದ ಬ್ರೆಡ್ ಒಗೀತಾರ್ರಿ. ಕೆಳಗ ಇಳಿಯಂಗಿಲ್ಲ, ಇಳದ್ರ ಕಾಲು ಹೊಲಸಾಗ್ತಾವ. ನಮ್ಮ ಚಾಳಿನಾಗೂ ಒಂದು ಹೆಲಿಕಾಪ್ಟರ್ ಅದ. ಮೊಮ್ಮಗಳು ಹುಟ್ಟ್ಯಾಳಂತ ಖುಷಿಲಿಂದ ಹಾರಾಡ್ಲಾಕತ್ತದ. ನನ್ನ ತಲಿ ಮ್ಯಾಲ ಬಂದು ನಿಂತು ಒಂದು ಪೇಡಾ ಒಗೀತು!" ಎನ್ನುತ್ತ ಎರಡೂ ಕೈ ಚಾಚಿ, ಪ್ರವಾಹದಲ್ಲಿ ಸಿಕ್ಕವನ ಹಾಗೆ ಸ್ಟೇಜಿನ ಮೇಲೆ ಅತ್ತ ಇತ್ತ ಓಡಿದ.

ಇಡೀ ಚಾಳು ನಕ್ಕಿತು. ಗಂಡನೂ ನಕ್ಕರು. ನಾನು ಮನೆಗೆ ಬಂದು ಮೋರಿಯಲ್ಲಿ ಉಗಿದೆ. ಥೂ, ನನ್ನ ಮಗುವಿನ ಸಿಹಿಯನ್ನು ಬೀದಿಯಲ್ಲಿ ಚೆಲ್ಲಿದನಲ್ಲ ಎಂದು ಅವನ ಮೇಲೆ ಹೇಸಿಗೆ ಹುಟ್ಟಿತು. ಅವನ ಕಾಲಿನ ಸದ್ದು ಕೇಳಿದರೂ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಮರುವರ್ಷ ಠಾಣೆಯ ಒಬ್ಬ ಆರ್ಕೆಸ್ಟ್ರಾ ಮಾಲಕ ಅವನನ್ನು ನೋಡಲಿಕ್ಕೆಂದೇ ನಮ್ಮ ಗಣಪತಿಗೆ ಬರುತ್ತಾನೆ ಎಂದು ಸುದ್ದಿಯಾಯಿತು. ಅವನ ಮಾತು ಮಾಲಕನಿಗೆ ಹಿಡಿಸಿದರೆ ಹಾಡುಗಳ ನಡುವೆ ಮಾತಾಡುವ ಕೆಲಸ, ಡ್ರಮ್ಮು ಎತ್ತುವುದು ಬಂದ್. ನಾನು ಗಣಪತಿ ಮಂಡಳದ ಸೆಕ್ರೆಟರಿಯ ಮನೆಗೆ ಹೋಗಿ, "ಅವ ಸ್ಟೇಜ್ ಹತ್ತಿದರೆ ನಮ್ಮ ಮನೆಯಿಂದ ಈ ಸಲ ನೈವೇದ್ಯದ ಕಡುಬು ಇಲ್ಲ" ಎಂದೆ. ಸೆಕ್ರೆಟರಿಗೆ ಅಷ್ಟೇ ಬೇಕಿತ್ತು.

"ನೀವು ಹೇಳಿದ್ದು ಒಳ್ಳೆದಾಯ್ತು ಅಕ್ಕ. ಅವನದ್ದು ಓವರೇ ಆಗಿತ್ತು. ಕಳೆದ ಸಲ ನನ್ನ ಹೊಟ್ಟೆಗೂ ಗಣಪತಿಯ ಹೊಟ್ಟೆಗೂ ಕಂಪಾರಿಸನ್ ಮಾಡಿದ. ಐಟಂ ಕ್ಯಾನ್ಸಲ್."

ಹಬ್ಬಕ್ಕೆ ಎರಡು ದಿನ ಇರುವಾಗ ಮಧ್ಯಾಹ್ನ ಅವನು ಬಾಗಿಲಿಗೆ ಬಂದ. ಮಗು ನನ್ನ ಸೊಂಟದ ಮೇಲಿತ್ತು. ಅವನ ಉಗುರು ಹಳದಿ, ಕಣ್ಣೂ ಹಳದಿ.

"ಎಂತ, ಈ ವಾರ ಹಳದಿ ಡ್ರಮ್ಮಾ?" ಎಂದೆ.

"ಹೂಂ ಆಯಿ. ಪುಡಿ ಕಣ್ಣಾಗೂ ಹೊಕ್ಕದ" ಎಂದು ಗೋಡೆಗೆ ಒರಗಿದ. "ನೀವು ಒಂದ್ ಮಾತ ಹೇಳಿದ್ರ ಸ್ಟೇಜ್ ಮ್ಯಾಲ ಬಿಡ್ತಾರ. ನಿಮ್ಮ ಸುದ್ದಿ ಎತ್ತಂಗಿಲ್ಲ."

"ಪೇಡೆಯದ್ದು?"

"ಪೇಡಾದ್ದೂ ಎತ್ತಂಗಿಲ್ಲ." ಸ್ವಲ್ಪ ನಕ್ಕ. "ಆದ್ರ ಆಯಿ, ನಂದು ಎಲ್ಲಕ್ಕಿಂತ ಚಲೋ ಐಟಂ ಅದೇ ಅದ."

ಮಗು ಎರಡೂ ಕೈ ಚಾಚಿ ಅವನ ಕಡೆ ಬಗ್ಗಿತು. ಅವನೂ ಕೈ ಮುಂದೆ ಮಾಡಿದ. ನಾನು ಮಗುವನ್ನು ಎಳೆದುಕೊಂಡು, "ಬಣ್ಣ ಅಂಟುತ್ತದೆ" ಎಂದು ಬಾಗಿಲು ಹಾಕಿದೆ.

ಠಾಣೆಯವ ಬಂದ, ನನ್ನ ಕಡುಬು ತಿಂದ, ಮಕ್ಕಳ ಡ್ಯಾನ್ಸ್ ನೋಡಿ ಹೋದ. ಮೂರು ವಾರದ ಮೇಲೆ ಹುಡುಗ ತೀರಿಕೊಂಡ. ಅದು ಬಣ್ಣವಾಗಿರಲಿಲ್ಲ, ಕಾಮಾಲೆ. ಅವನ ಖೋಲಿಯವರೂ ಹಳದಿ ಡ್ರಮ್ಮು ಎಂದೇ ತಿಳಿದಿದ್ದರು, ಅವನೂ ಹಾಗೆಯೇ ತಿಳಿದಿದ್ದ. ಬೇರೆ ಯಾವ ಚಾಳಿನಲ್ಲಾದರೂ ಹಳದಿ ಕಣ್ಣು ಕಂಡರೆ ಡಾಕ್ಟರಲ್ಲಿಗೆ ಓಡುತ್ತಿದ್ದರು. ನಮಗೆ ಅವನ ಮೈಮೇಲೆ ಯಾವ ಬಣ್ಣ ಕಂಡರೂ ಆಶ್ಚರ್ಯವಿರಲಿಲ್ಲ. ಇಪ್ಪತ್ತೈದು ತುಂಬಿರಲಿಲ್ಲ ಅವನಿಗೆ.

ಮಂಡಳದವರು ಅಂಗಳದಲ್ಲಿ ಶ್ರದ್ಧಾಂಜಲಿ ಇಟ್ಟರು. ಅವನು ಮೈಕ್ ಹಿಡಿದು ನಿಂತ ಫೋಟೋವನ್ನೇ ಹುಡುಕಿ ಹಾರ ಹಾಕಿದ್ದರು. ಮೈಕ್ ಕಿತ್ತುಕೊಂಡ ಅದೇ ಸೆಕ್ರೆಟರಿ ಮೈಕ್ ಹಿಡಿದು, "ನಮ್ಮ ಮನೆಯ ಹುಡುಗ, ಒಬ್ಬರ ಮನಸ್ಸನ್ನೂ ನೋಯಿಸಿದವನಲ್ಲ" ಎಂದು ಕರ್ಚೀಫಿನಿಂದ ಕಣ್ಣು ಒತ್ತಿಕೊಂಡರು. ನೋಯಿಸಿದವನಲ್ಲವಂತೆ! ನೋಯಿಸಲಿಕ್ಕೆಂದೇ ನಿಂತವನು ಅವನು. ಎಲ್ಲಿ ಚುಚ್ಚಬೇಕೆಂದು ಸರಿಯಾಗಿ ನೋಡಿ ಚುಚ್ಚುತ್ತಿದ್ದ. ಸತ್ತ ಮೇಲೆ ಅವನನ್ನು ಉಪ್ಪಿಲ್ಲದ ಗಂಜಿ ಮಾಡಿ ಬಡಿಸುತ್ತಿದ್ದರು, ನಾವೆಲ್ಲ ಒಳ್ಳೆಯ ಸೀರೆ ಉಟ್ಟು ಕೂತು ತಲೆಯಾಡಿಸುತ್ತಿದ್ದೆವು. ಮುಂದಿನ ಸಾಲಿನಲ್ಲಿ ನಾನು. ಎಲ್ಲರಿಗಿಂತ ದೊಡ್ಡ ಹೇಸಿಗೆ ನಾನೇ.

ಊರಿನಿಂದ ಅವನ ತಾಯಿ ಬಂದಿದ್ದಳು. ಚಾಪೆಯ ಮೇಲೆ ಕೂತು ಎಲ್ಲ ಕೇಳಿ, ಕೊನೆಗೆ ಕೇಳಿದಳು, "ಎಲ್ಲಾರೂ ಚಲೋ ಇದ್ದ, ಚಲೋ ಇದ್ದ ಅಂತೀರಿ. ಇಲ್ಲಿ ನಿಂತು ಅಂವ ಏನ್ ಮಾತಾಡ್ತಿದ್ದ? ಯಾರರೆ ಹೇಳ್ರಿ. ನಾ ಒಮ್ಮಿನೂ ಕೇಳಿಲ್ಲ."

"ಅಮ್ಮಾ, ಅದೆಲ್ಲ ಈಗ ಬೇಡ" ಎಂದರು ಸೆಕ್ರೆಟರಿ.

ನಾನು ಮಗುವನ್ನು ಗಂಡನ ಕೈಗೆ ಕೊಟ್ಟು ಎದ್ದೆ. ಮೈಕ್ ಇಲ್ಲದೆಯೇ ಹೆಲಿಕಾಪ್ಟರಿನ ಐಟಂ ಮಾಡಿ ತೋರಿಸಿದೆ. ಅವನ ಭಾಷೆ ನನಗೆ ಬಾರದು, ನನ್ನ ಮಂಗಳೂರು ಕನ್ನಡದಲ್ಲಿಯೇ ಹೇಳಿದೆ. ಕೈ ಚಾಚಿ ಓಡಿದ್ದನ್ನೂ ಮಾಡಿದೆ. ಸೊಂಟ ನೋಯಿತು. ಯಾರೂ ನಗಲಿಲ್ಲ.

"ಎಷ್ಟು ಮ್ಯಾಲಿಂದ ಒಗದ್ರಿ?" ತಾಯಿ ಕೇಳಿದಳು.

ಗೇಣು ತೋರಿಸಿದೆ.

"ಹಿಡದನಾ?"

"ಹಿಡಿದ."

"ಹಿಡಿತಾನ. ಸಣ್ಣಾಂವ ಇದ್ದಾಗಿಂದ ಅಂವನ ಕೈ ಭಾಳ ಚುರುಕು" ಎಂದು ಮೂಗಿನಲ್ಲಿಯೇ ನಕ್ಕಳು. ನಗು ನಿಲ್ಲಲಿಲ್ಲ. ಸೆರಗು ಬಾಯಿಗೆ ಒತ್ತಿ ನಕ್ಕಳು.

ಆಮೇಲೆ ಉಳಿದದ್ದನ್ನೂ ಹೇಳಿದೆ. ಈ ಸಲ ಅವನು ಸ್ಟೇಜ್ ಹತ್ತದ ಹಾಗೆ ಮಾಡಿದ್ದು ನಾನೇ ಎಂದೆ. ಹಳದಿ ಕಣ್ಣು ನೋಡಿ ಬಾಗಿಲು ಹಾಕಿದ್ದು ನಾನೇ ಎಂದೆ. ಅವಳ ನಗು ನಿಂತಿತು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಗಂಡನ ತೋಳಿನಲ್ಲಿದ್ದ ಮಗುವನ್ನು ನೋಡಿದಳು.

"ಇದೇ ಏನು ಆ ಪೇಡಾದ ಕೂಸು?"

ಮಗು ಆಗಲೇ ಕೈ ಚಾಚಿ ಅವಳ ಕಡೆ ಬಗ್ಗಿತ್ತು. ಈ ಸಲ ನಾನೇ ಎತ್ತಿಕೊಂಡು ಹೋಗಿ ಅವಳ ಮುಂದೆ ಹಿಡಿದೆ. ಅವಳು ಕೂಡಲೇ ಎತ್ತಿಕೊಳ್ಳಲಿಲ್ಲ. ಎರಡೂ ಅಂಗೈಗಳನ್ನು ಸೀರೆಗೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು. ಅವಳ ಕೈಯಲ್ಲಿ ಯಾವ ಬಣ್ಣವೂ ಇರಲಿಲ್ಲ.