ಅಹವಾಲು ಸಭೆಗೆ ಹೋದ ಡಬ್ಬಗಳು

ನಮ್ಮ ಬೀದಿಯ ತಿರುವಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವಳನ್ನು ಎಲ್ಲರೂ ಗಿರಣಿ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು; ಹಿಟ್ಟು ಬೇಕಾದವರು ವಯಸ್ಸು ನೋಡುವುದಿಲ್ಲ. ಅವಳ ಹುಬ್ಬು, ರೆಪ್ಪೆ, ಕಿವಿಯ ಅಂಚು ಸದಾ ಬಿಳಿ. ಯಂತ್ರದ ಸದ್ದಿನಲ್ಲಿ ಬದುಕಿ ಬದುಕಿ ಅವಳ ಪಿಸುಮಾತೂ ಎದುರು ಮನೆಗೆ ಕೇಳಿಸುತ್ತಿತ್ತು. ಹಾಗಾಗಿ ಅವಳಿಗೆ ಯಾರೂ ಗುಟ್ಟು ಹೇಳುತ್ತಿರಲಿಲ್ಲ.

ಗಿರಣಿಯಲ್ಲಿ ಒಂದು ಕಟ್ಟಳೆಯಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಗೋಧಿಯ ಡಬ್ಬವನ್ನು ಸಾಲಿನಲ್ಲಿಟ್ಟು ಹೋಗಿ, ಊಟದ ಬಿಡುವಿನಲ್ಲಿ ಬಂದು ಹಿಟ್ಟು ಒಯ್ಯುತ್ತಿದ್ದರು. ಡಬ್ಬ ಎಲ್ಲಿದೆಯೋ ಅದರ ಯಜಮಾನರೂ ಅಲ್ಲಿ ನಿಂತಿದ್ದಾರೆ ಎಂದೇ ಅರ್ಥ. ಬ್ಯಾಂಕಿನ ಮ್ಯಾನೇಜರರ ಡಬ್ಬವೊಮ್ಮೆ ಗಾರೆಯವನ ಡಬ್ಬಕ್ಕಿಂತ ಮುಂದೆ ಸರಿದಿತ್ತು. ಅಕ್ಕ ಅದನ್ನು ಕಾಲಿನಿಂದಲೇ ಸಾಲಿನ ಕೊನೆಗೆ ತಳ್ಳಿದಳು. ಸುದ್ದಿ ತಿಳಿದ ಮ್ಯಾನೇಜರರು ಒಂದು ವಾರ ಆ ಕಡೆ ಸುಳಿಯಲಿಲ್ಲ.

ಹೀಗಿರಲು ವಿದ್ಯುತ್ ಕಂಪನಿಗೆ ಕಷ್ಟ ಬಂತು. ಪಾಪ, ಗಾಜಿನ ಗೋಡೆಯ ಹೊಸ ಕಚೇರಿ ಕಟ್ಟಿಸಿ ಬಳಲಿಹೋಗಿತ್ತು. ಆದ್ದರಿಂದ ಸಣ್ಣ ಉದ್ದಿಮೆಗಳ ಯೂನಿಟ್ ದರವನ್ನು ಒಂದೂವರೆ ಪಟ್ಟು ಮಾಡಲು ದರ ಸಮಿತಿಯ ಅನುಮತಿ ಕೇಳಿತು. ಜೊತೆಗೆ, ಚಾವಣಿಯ ಮೇಲೆ ಸೋಲಾರ್ ಹಾಕಿಸಿಕೊಂಡವರಿಗೆ ಹೊಸದೊಂದು ಶುಲ್ಕ. ಕರೆಂಟು ಕೊಂಡರೆ ದರ, ಕೊಳ್ಳದಿದ್ದರೆ ಶುಲ್ಕ. ಉಸಿರಾಟವೊಂದನ್ನು ಮಾತ್ರ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದರು.

ಅಕ್ಕನಾದರೋ ಹಿಂದಿನ ಏರಿಕೆಗೇ ತತ್ತರಿಸಿ, ಸ್ಕೂಟರು ಮಾರಿ, ವೈರಿಂಗ್ ಕೆಲಸದ ತಮ್ಮನಿಂದ ಗಿರಣಿಯ ಮೇಲೆ ಪ್ಯಾನೆಲ್ ಹಾಕಿಸಿದ್ದಳು. ಕಂಪನಿಯ ಒಪ್ಪಿಗೆಗೆ ಕಾಯುತ್ತ ಅವು ಕಾಗೆಗಳಿಗೆ ಆಸನವಾಗಿದ್ದವು. ಈಗ ದರವೂ ಏರಿ ಶುಲ್ಕವೂ ಬಿದ್ದರೆ ಗಿರಣಿಗೆ ಬೀಗವೇ ಗತಿ.

“ಆಕ್ಷೇಪಣೆ ಕೇಳೋಕೆ ಸಭೆ ಇಟ್ಟಿದಾರಕ್ಕ,” ಎಂದ ತಮ್ಮ. “ಕೆಲಸದ ದಿನ, ಬೆಳಿಗ್ಗೆ. ಬಂದವರನ್ನ ಮಾತ್ರ ಲೆಕ್ಕಕ್ಕೆ ತಗೋತಾರಂತೆ.”

“ಆ ಹೊತ್ತಿಗೆ ಯಾರು ಬರ್ತಾರೆ?”

“ಬರಬಾರದು ಅಂತಾನೇ ಆ ಹೊತ್ತಿಗೆ ಇಟ್ಟಿರೋದು. ಅಷ್ಟೂ ಗೊತ್ತಾಗಲ್ವ ನಿನಗೆ?”

ಅಕ್ಕನಿಗೆ ಹೊಳೆದದ್ದೇ ಬೇರೆ. ಸಭೆಯ ದಿನ ಡಬ್ಬ ಇಡಲು ಬಂದವರನ್ನೆಲ್ಲ, “ಏರಿಕೆ ಬೇಡ ಅಂತ ನಿನ್ನ ಪರವಾಗಿ ಹೇಳ್ಲಾ?” ಎಂದು ಕೇಳಿದಳು. ಅವಸರದಲ್ಲಿದ್ದವರು ಹೂಂ ಎಂದು ಓಡಿದರು. ಅಕ್ಕ ಡಬ್ಬಗಳನ್ನೆಲ್ಲ ತಳ್ಳುಗಾಡಿಗೆ ಹೇರಿ, ಗಿರಣಿಗೆ ಬೀಗ ಹಾಕಿ ಸಭೆಗೆ ಹೊರಟಳು. ಮುಂದೆ ನಡೆದದ್ದನ್ನು ಅವಳೇ ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು, ಬೀದಿಯೆಲ್ಲ ಕೇಳಿಸಿಕೊಂಡಿತು.

ಸಭಾಂಗಣದ ಕಿಟಕಿಗಳಿಗೆ ದಪ್ಪ ಪರದೆ, ಹಾಡು ಹಗಲಿನಲ್ಲಿ ಸಾಲು ದೀಪ. ವೇದಿಕೆಯಲ್ಲಿ ಸಮಿತಿಯ ಅಧ್ಯಕ್ಷರು, ಪಕ್ಕದಲ್ಲಿ ಕಂಪನಿಯ ಸಾಹೇಬರು. ಎದುರಿಗೆ ಖಾಲಿ ಕುರ್ಚಿಗಳು ಶಿಸ್ತಿನಿಂದ ಕುಳಿತಿದ್ದವು. ಅಕ್ಕ ಕುರ್ಚಿಗೊಂದರಂತೆ ಡಬ್ಬ ಇಟ್ಟಳು.

“ಏನಮ್ಮ ಇದು?” ಎಂದರು ಅಧ್ಯಕ್ಷರು.

“ಜನ, ಸ್ವಾಮಿ.”

“ಇವು ಡಬ್ಬಗಳಲ್ವಾ?”

“ನಿಮಗೆ ಡಬ್ಬ. ಇದು ಗಾರೆಯವನು, ಇದು ನರ್ಸಮ್ಮ, ಇದು ಮೇಷ್ಟ್ರು. ಪಾಳಿ ಪ್ರಕಾರ ಕೂರಿಸಿದೀನಿ.”

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. “ಡಬ್ಬ ಮಾತಾಡುತ್ತೇನಮ್ಮ?”

“ನಿಮ್ಮ ಕೌಂಟರಲ್ಲಿ ಮನುಷ್ಯರೇ ಕೂತಿರ್ತಾರೆ. ಅವರು ಮಾತಾಡ್ತಾರಾ?”

ಅಧ್ಯಕ್ಷರು ನಿಯಮದ ಮನುಷ್ಯರು. ಬಹಳ ಯೋಚಿಸಿ, ಡಬ್ಬಗಳು ಸಾರ್ವಜನಿಕರಲ್ಲ ಎಂದು ತೀರ್ಪಿತ್ತರು. ಹಾಜರಿ: ಒಬ್ಬರು. ಬಳಿಕ ಸಾಹೇಬರು, ದರ ಏರಿದರೆ ಜನರಿಗೆ ಆಗುವ ಉಪಕಾರಗಳನ್ನು ಡಬ್ಬಗಳಿಗೆ ಮಧ್ಯಾಹ್ನದವರೆಗೆ ವಿವರಿಸಿದರು. ಅವೂ ತೂಕಡಿಸದೆ ಕೇಳಿದವು.

ಊಟದ ಬಿಡುವಿಗೆ ನಾವು ಗಿರಣಿಗೆ ಬಂದರೆ ಬೀಗ. ಹಿಟ್ಟೂ ಇಲ್ಲ, ಗೋಧಿಯೂ ಇಲ್ಲ. ಅಕ್ಕನ ತಮ್ಮ ಸಭಾಂಗಣದ ಕಡೆ ಕೈ ತೋರಿಸಿದ. ಹಸಿದ ಹೊಟ್ಟೆಯಲ್ಲಿ ಗುಂಪಾಗಿ ನುಗ್ಗಿದೆವು.

“ತಲೆ ಕೆಟ್ಟಿದ್ಯೇನಕ್ಕ ನಿನಗೆ? ನನ್ನ ಹಿಟ್ಟೆಲ್ಲಿ?” ಎಂದಳು ನರ್ಸಮ್ಮ.

“ಬೈಯೋದಿದ್ದರೆ ಆಮೇಲೆ ಬೈಯಿ. ಡಬ್ಬ ತೊಡೆ ಮೇಲಿಟ್ಕೊಂಡು ಆ ಜಾಗದಲ್ಲಿ ಕೂತ್ಕೋ. ಇವರಿಗೆ ಡಬ್ಬ ಕಾಣಲ್ವಂತೆ, ನೀನಾದ್ರೂ ಕಾಣ್ತೀಯೇನೋ ನೋಡೋಣ.”

ಕುರ್ಚಿಗಳೆಲ್ಲ ತುಂಬಿದವು. ಸಾಹೇಬರು ಕೈಗಡಿಯಾರ ನೋಡಿಕೊಂಡರು. ನಿಯಮದ ಪ್ರಕಾರ ಅಧ್ಯಕ್ಷರು ಕೇಳಲೇಬೇಕಾಯಿತು: “ಯಾರದಾದರೂ ಆಕ್ಷೇಪಣೆ ಇದೆಯೇ?”

ಹಸಿದವರನ್ನು ಕೇಳುವ ಪ್ರಶ್ನೆಯಲ್ಲ ಅದು.

“ನಮ್ಮ ಹತ್ರ ಇರೋದೇ ಅದು, ಸ್ವಾಮಿ,” ಎಂದ ಗಾರೆಯವನು. “ಗಿರಣಿ ಮುಚ್ಚಿದರೆ ಹೇಗಿರುತ್ತೆ ಅಂತ ಈಗ ತಾನೇ ನೋಡ್ಕೊಂಡು ಬಂದ್ವಿ.”

ನರ್ಸಮ್ಮ ಎದ್ದು ಕಿಟಕಿಯ ಪರದೆ ಸರಿಸಿದಳು. ಬಿಸಿಲು ಸಾಹೇಬರ ಮುಖಕ್ಕೇ ಬಿತ್ತು. “ದೀಪ ಆರಿಸಿ. ಇದು ಬಿಟ್ಟಿ ಸಿಗುತ್ತೆ. ಇದಕ್ಯಾಕೆ ನಿಮಗೆ ಶುಲ್ಕ?”

“ಬಿಸಿಲಿಗಲ್ಲಮ್ಮ, ತಂತಿ ನಿರ್ವಹಣೆಗೆ...” ಸಾಹೇಬರು ಕಣ್ಣು ಕಿರಿದು ಮಾಡಿಕೊಂಡು ಹೇಳುತ್ತಲೇ ಇದ್ದರು. ಮಾತು ಪೂರ್ತಿ ಕೇಳುವ ತಾಳ್ಮೆಯಿದ್ದ ಡಬ್ಬಗಳು ಈಗ ಕುರ್ಚಿಗಳಲ್ಲಿರಲಿಲ್ಲ.

ತಿಂಗಳ ಬಳಿಕ ಸಮಿತಿ ಏರಿಕೆಯನ್ನೂ ಶುಲ್ಕವನ್ನೂ ತಳ್ಳಿಹಾಕಿತು. ಕಂಪನಿಯು ಗ್ರಾಹಕರ ಮೇಲಿನ ಪ್ರೀತಿಯಿಂದ ತಾನೇ ಹಿಂದೆ ಸರಿದೆನೆಂದು ಪ್ರಕಟಿಸಿತು. ಅದೇ ಪ್ರೀತಿಯ ಭರದಲ್ಲಿ ಅಕ್ಕನ ಪ್ಯಾನೆಲ್‌ಗಳಿಗೂ ಒಪ್ಪಿಗೆ ಬಂತು.

“ಅಂತೂ ಗೆದ್ದೆಯಲ್ಲಕ್ಕ,” ಎಂದೆ.

“ಏನು ಗೆದ್ದದ್ದು ಮೇಷ್ಟ್ರೇ? ಇದ್ದ ದರ ಇದ್ದ ಹಾಗೇ ಇರೋದಕ್ಕೆ ಒಂದು ದಿನದ ಕೆಲಸ ಹೋಯ್ತು.”

ಸೋಲಾರ್‌ನಲ್ಲಿ ಗಿರಣಿ ಶುರುವಾದ ದಿನ ನನ್ನ ಗೋಧಿ ಅರ್ಧ ಬೀಸುವಷ್ಟರಲ್ಲಿ ಮೋಡ ಕವಿದು, ಕಲ್ಲು ಗೊರಗೊರ ಎಂದು ನಿಂತಿತು. ಕಂಪನಿಯ ಕರೆಂಟಿಗೆ ಬದಲಿಸುವ ಸ್ವಿಚ್ಚು ಅವಳ ಕೈಗೆಟಕುವಲ್ಲೇ ಇತ್ತು. ನಾನು ಅದರತ್ತ ನೋಡಿದ್ದನ್ನು ಅಕ್ಕ ನೋಡಿದಳು.

“ಕೂತ್ಕೊಳ್ಳಿ,” ಎಂದು ಸ್ಟೂಲು ಎಳೆದಳು. “ಮೋಡ ತಾನಾಗೇ ಹೋಗುತ್ತೆ. ಅದಕ್ಕೆ ಅರ್ಜಿ ಹಾಕಬೇಕಾಗಿಲ್ಲ.”