ಅಕ್ಕ ಹತ್ತಿದ ಕೊಲ್ಹಾಪುರದ ಬಸ್ಸು

ಗೆಳೆಯರೇ, ನನ್ನ ಅಕ್ಕನಿಗೆ ಕಣ್ಣು ಕಾಣಿಸುವುದಿಲ್ಲ, ಕಿವಿಯೂ ಕೇಳಿಸುವುದಿಲ್ಲ. ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದೇ ನಮ್ಮ ಮಾತು. ಇವತ್ತು ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕೋಳದ ಬಸ್ಸಿಗೆ ಕಾಯುತ್ತಿದ್ದೆವು. ಬಿಳಿ ಕೋಲು ಕೈಗೆ ಕೊಟ್ಟು ಅವಳನ್ನು ಬೆಂಚಿನ ಮೇಲೆ ಕೂಡಿಸಿ ನೀರಿನ ಬಾಟಲಿ ತರಲು ಹೋದೆ. ತಿರುಗಿ ಬಂದರೆ ಬೆಂಚು ಖಾಲಿ!

ಎದುರಿಗೆ ಕೊಲ್ಹಾಪುರದ ಬಸ್ಸು ಹೊರಟಿತ್ತು. ಅದರ ಕಿಟಕಿಯಲ್ಲಿ ಅಕ್ಕನ ಹಸಿರು ಸೆರಗು. ಓಡಿಹೋಗಿ ಬಾಗಿಲು ಬಡಿದು ನಿಲ್ಲಿಸಿದೆ. ಒಳಗೆ ಅಕ್ಕ ಕಂಬ ತಬ್ಬಿಕೊಂಡು, ಹತ್ತಿರ ಬಂದವರನ್ನೆಲ್ಲ ಒದೆಯುತ್ತಿದ್ದಳು. ಅವಳ ಬಳೆ ಹಿಡಿದು ಅಲುಗಿಸಿದೆ. ಬಂದಿರುವುದು ನಾನೇ ಎನ್ನಲು ನಮ್ಮ ಗುರುತು ಅದು. ಆಗ ಕಂಬ ಬಿಟ್ಟಳು.

ಅವಳ ರಟ್ಟೆ ಹಿಡಿದು ನಿಂತಿದ್ದವರು ಟೋಪಿ ಹಾಕಿದ ಹಿರಿಯರೊಬ್ಬರು.

"ಇಕೀನ್ನ ಯಾಕ ಹತ್ತಿಸಿದ್ರಿ?" ಎಂದು ಕೂಗಿದೆ.

"ಕೋಲು ನೋಡಿ ಪಾಪ ಅನಿಸ್ತು ತಂಗಿ. ಎಲ್ಲಿಗೆ ಹೊಂಟೀರಿ ಅಂತ ಕನ್ನಡದಾಗ ಕೇಳಿದ್ನಿ, ಮಾತಾಡ್ಲಿಲ್ಲ. ಕನ್ನಡ ಬರೂದಿಲ್ಲಂದ್ರ ಮಹಾರಾಷ್ಟ್ರದಾಕಿ ಅಂತ ತಿಳಿದ್ನಿ!"

"ಅಕೀಗೆ ಕಿವೀನೂ ಕೇಳ್ಸೂದಿಲ್ರೀ!"

ಅವರ ಮುಖ ಸಣ್ಣದಾಯಿತು. ಅಕ್ಕನ ಕಿವಿಯ ಹತ್ತಿರ ಬಾಗಿ, "ತಪ್ಪಾತವ್ವಾ!" ಎಂದು ಜೋರಾಗಿ ಹೇಳಿದರು. ಅವಳು ಸುಮ್ಮನೇ ಇದ್ದುದನ್ನು ನೋಡಿ ಮರಾಠಿಯಲ್ಲೂ ಕೂಗಿದರು: "ಮಾಫ್ ಕರಾ, ಅಕ್ಕಾ!" ರಟ್ಟೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಅಕ್ಕ ನನ್ನ ಅಂಗೈ ಎಳೆದುಕೊಂಡು ಬರೆದಳು:

"ಕೈ ಹಿಡಿದಾಂವ ಈಗ ಯಾವೂರಿಗೆ ಕಳಸ್ತಾನಂತ, ಕೇಳು."