ಸಮುದ್ರವಿಲ್ಲದ ನಾಡಿನ ಬಂದರು

ಹೈದರಾಬಾದಿನ ಕಾಲೇಜಿನಲ್ಲಿ ನನಗೆ ಅತಿ ಹೆಚ್ಚು ಅಂಕ ಬಂದದ್ದು ಬಂದರುಗಳ ಮೇಲೆ ಬರೆದ ಉತ್ತರಕ್ಕೆ. ಆವರೆಗೆ ನಾನು ಸಮುದ್ರ ನೋಡಿರಲಿಲ್ಲ. ಪಾಠ ಹೇಳಿದ ಪ್ರೊಫೆಸರರು ನೋಡಿದ್ದರೋ ಇಲ್ಲವೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಿಜಾಮರ ರಾಜ್ಯಕ್ಕೇ ಸಮುದ್ರವಿರಲಿಲ್ಲವಾದ್ದರಿಂದ ಪಾಠಕ್ಕೆ ಯಾರ ಅನುಭವವೂ ಅಡ್ಡ ಬರಲಿಲ್ಲ.

ಪಾಠ ಸರಳವಾಗಿತ್ತು. ಮೊದಲು ಕರಾವಳಿಯುದ್ದಕ್ಕೂ ಸಣ್ಣ ಸಣ್ಣ ಬಂದರುಗಳಿರುತ್ತವೆ. ಒಂದೊಂದಕ್ಕೂ ಬೆನ್ನ ಹಿಂದಿನ ನಾಲ್ಕಾರು ಹಳ್ಳಿಗಳೇ ಪ್ರಪಂಚ. ಮುಂದೆ ಅವುಗಳಲ್ಲೊಂದಕ್ಕೆ ಒಳನಾಡಿನಿಂದ ಒಳ್ಳೆಯ ರಸ್ತೆಯೋ ರೈಲೋ ಬರುತ್ತದೆ. ಸರಕು ಅತ್ತ ತಿರುಗುತ್ತದೆ. ಸರಕು ಇದ್ದಲ್ಲಿಗೆ ಹಡಗು, ಹಡಗು ಬಂದಲ್ಲಿಗೆ ಇನ್ನಷ್ಟು ಸರಕು. ಉಳಿದ ಬಂದರುಗಳಲ್ಲಿ ಮೀನು ಒಣಗುತ್ತದೆ. ಕೊನೆಯ ವಾಕ್ಯ ನನ್ನದು. ಪ್ರೊಫೆಸರರು ಅದರ ಕೆಳಗೆ ಗೆರೆ ಎಳೆದು ಮೆಚ್ಚಿದ್ದರು.

ದಸರಾ ರಜೆಗೆ ಊರಿಗೆ ಬಂದಾಗ ಈ ಪಾಠ ಭೀಮಾ ಹೊಳೆಯ ದಂಡೆಯಲ್ಲೇ ನಡೆಯುತ್ತಿರುವುದು ಕಂಡು ನನಗೆ ಹಿಗ್ಗೋ ಹಿಗ್ಗು. ನಮ್ಮೂರು ಶಹಾಪುರದ ಕಡೆಯದು, ಹೊಳೆಯ ಈಚೆಗೆ. ಆಚೆ ಯಾದಗಿರಿ, ಅಲ್ಲಿ ರೈಲ್ವೆ ಸ್ಟೇಷನ್ನು, ಅಲ್ಲಿಂದ ಬೊಂಬಾಯಿ. ಮೊದಲೆಲ್ಲ ಹೊಳೆ ತುಂಬಿದಾಗ ಪ್ರತಿ ಊರಿನವರೂ ತಮ್ಮ ದಂಡೆಯಿಂದ ತಮ್ಮ ಅಂಬಿಗನ ಹರಗೋಲಿನಲ್ಲಿ ದಾಟುತ್ತಿದ್ದರು. ಈಚೆಗೆ ಒಂದೇ ದಂಡೆಯವರೆಗೆ ಕಂಕರ್ ಹಾಕಿದ ರಸ್ತೆ ಬಂದಿತ್ತು. ಸುರಪುರದ ಗಾಡಿ, ಶಹಾಪುರದ ಗಾಡಿ, ಗೋಗಿಯ ಗಾಡಿ, ಎಲ್ಲವೂ ಶೇಂಗಾ ಹೇರಿಕೊಂಡು ಅಲ್ಲಿಗೇ. ಜನ ಅದನ್ನು ದೊಡ್ಡ ದಂಡೆ ಎನ್ನತೊಡಗಿದ್ದರು. ನಮ್ಮೂರಿಗಿಂತ ಒಂದು ಹರದಾರಿ ಮೇಲಕ್ಕೆ.

ನಮ್ಮೂರ ಅಂಬಿಗನನ್ನು ನಾನು ಕಾಕಾ ಎನ್ನುತ್ತಿದ್ದೆ. ಅವನದೊಂದು ಕಟ್ಟುನಿಟ್ಟು: ಹರಗೋಲಿನ ಅಂಚು ನೀರಿಗಿಂತ ಒಂದು ಗೇಣು ಮೇಲಿರಬೇಕು. ಗೇಣಿಗಿಂತ ಇಳಿದರೆ ಗೌಡರನ್ನಾದರೂ ಇಳಿಸುತ್ತಿದ್ದ. ಆದರೆ ಈಗ ಇಳಿಸಲಿಕ್ಕೆ ಜನವೇ ಇರಲಿಲ್ಲ.

“ಕಾಕಾ, ಹಿಂಗ ಆಗೂದು ಪುಸ್ತಕದಾಗೇ ಅದ,” ಎಂದೆ. “ದೊಡ್ಡ ದಂಡಿ ಇನ್ನ ಬಂದರ್ ಆಗ್ತದ.”

“ಬಂದರ್?” ಕಾಕಾ ಹುಟ್ಟು ಕೆಳಗಿಟ್ಟ. ನಮ್ಮ ಕಡೆ ನಾಲ್ಕು ಮಾತು ಉರ್ದು ಬಲ್ಲ ಎಲ್ಲರಿಗೂ ಬಂದರ್ ಎಂದರೆ ಮಂಗ. “ನಿಮ್ಮಪ್ಪ ಹೈದರಾಬಾದಿಗಿ ಕಳಿಸಿದ್ದು ಮಂಗ್ಯಾನ ವಿದ್ಯಾ ಕಲೀಲಿಕ್ಕೇನೋ ತಮ್ಮಾ?”

ನಾನು ಬಿಡಲಿಲ್ಲ. ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ಬೊಂಬಾಯಿಯವರೆಗೂ ತೋರಿಸಿದೆ. “ಈ ದಂಡಿ ಉಳಿಯಂಗಿಲ್ಲ. ಹರಗೋಲು ತಗೊಂಡು ಅಲ್ಲಿಗೇ ನಡಿ.”

“ದಿನಾ ಮೂರ್ ಮಂದಿ ದಾಟಾಕತ್ತಾರ,” ಕಾಕಾ ಯೋಚಿಸಿ ಹೇಳಿದ. “ಅದ್ರಾಗ ಒಬ್ಬ ಹುಚ್ಚ.”

ಮೂರನೆಯ ದಿನ ಹರಗೋಲಿಗೆ ಹಗ್ಗ ಕಟ್ಟಿ ದಂಡೆಗುಂಟ ಎಳೆದುಕೊಂಡು ಹೋದ. ನನ್ನ ವಿದ್ಯೆಯನ್ನು ಪೂರ್ತಿ ನಂಬಿದ ಮೊದಲ ಮನುಷ್ಯ ಅವನೇ.

ರಜೆ ಮುಗಿದು ನಾನು ಹೊರಟ ದಿನ, ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಾಗಿತ್ತು. ದೊಡ್ಡ ದಂಡೆಯಲ್ಲಿ ಹರಗೋಲುಗಳು ಒಂದಕ್ಕೊಂದು ಉಜ್ಜುತ್ತಿದ್ದವು. ಕಾಕಾನ ಹರಗೋಲಿನಲ್ಲಿ ಹನ್ನೆರಡು ಚೀಲ ಶೇಂಗಾ, ಅವುಗಳ ಮೇಲೆ ಅಡತಿ ಅಂಗಡಿಯ ಗುಮಾಸ್ತ, ಅಬ್ಬೆತುಮಕೂರಿನ ಮಠಕ್ಕೆ ಹೊರಟ ನಾಲ್ವರು, ಎರಡು ಕುರಿಮರಿ ಹಿಡಿದ ಹೆಂಗಸು, ಪುಸ್ತಕದ ಪೆಟ್ಟಿಗೆಯೊಂದಿಗೆ ನಾನು. ಅಂಚಿಗೂ ನೀರಿಗೂ ನಡುವೆ ನಾಲ್ಕು ಬೆರಳು.

“ಕಾಕಾ, ಗೇಣು?”

“ಇಲ್ಲಿ ಗೇಣು ನೋಡ್ಕೋತ ಕುಂತ್ರ ಹಿಂದಿನವ ತುಂಬ್ಕೊಂಡು ಹೋಗ್ತಾನ. ಕುಂದ್ರು.”

ನಡುಹೊಳೆಯಲ್ಲಿ, ಎದುರಿನಿಂದ ಬಂದ ಖಾಲಿ ಹರಗೋಲು ಸೆಳವಿಗೆ ಸಿಕ್ಕು ನಮಗೆ ಬಡಿಯಿತು. ನಾವು ಬುಗುರಿಯಂತೆ ತಿರುಗಿದೆವು. ಅಂಚಿನ ಮೇಲಿಂದ ನೀರು ಒಳಗೆ ಬಂತು, ಅವಸರವಿಲ್ಲದೆ, ಮನೆಯವರ ಹಾಗೆ.

“ಚೀಲ ಒಗೀರಿ!” ಕಾಕಾ ಕೂಗಿದ.

ಗುಮಾಸ್ತ ಚೀಲಗಳನ್ನು ಅವುಚಿ ಮಲಗಿಬಿಟ್ಟ. “ಕೈ ಹಚ್ಚಬ್ಯಾಡ್ರಿ! ಬೊಂಬಾಯಿಗಿ ಹೋಗೋ ಮಾಲದ!”

“ನಿನ್ನ ಬೊಂಬಾಯಿ ಮಾಲು ತೇಲ್ತದೋ ಯಪ್ಪಾ, ನಾ ತೇಲಂಗಿಲ್ಲ!” ಎಂದು ಕುರಿಯ ಹೆಂಗಸು ಮರಿಗಳನ್ನು ತೊಡೆಯ ನಡುವೆ ಇರುಕಿಕೊಂಡು ಮೊದಲ ಚೀಲವನ್ನು ಕಾಲಿನಿಂದಲೇ ನೂಕಿದಳು. ಮಠದವರು ದೇವರ ಹೆಸರು ಹೇಳುತ್ತ ಮಿಕ್ಕವನ್ನು ನೂಕಿದರು. ನಾನು? ಹೊಳೆಯ ದಂಡೆಯಲ್ಲೇ ಬೆಳೆದವನು, ಈಜು ಬಲ್ಲವನು, ಪೆಟ್ಟಿಗೆಯನ್ನು ತಬ್ಬಿಕೊಂಡು ಕುಳಿತಿದ್ದೆ. ಕಾಕಾ ಹುಟ್ಟು ಬಿಡದೆ ಒಂದೇ ಕೈಯಲ್ಲಿ ಅದನ್ನು ಕಿತ್ತು ಹೊಳೆಗೆ ಹಾಕಿದ. ಶೇಂಗಾ ತೇಲಿತು, ವಿದ್ಯೆ ಮುಳುಗಿತು.

ಎಲ್ಲರೂ ದಾಟಿದೆವು. ಮರಿಗಳು ಕೂಡ. ತೇಲಿದ ಚೀಲಗಳಲ್ಲಿ ಏಳು, ಸೆಳವಿಗೆ ಕೆಳಕ್ಕೆ ಹೋಗಿ ನಮ್ಮೂರಿನ ಖಾಲಿ ದಂಡೆಗೇ ಹತ್ತಿದವಂತೆ. ಬಹಳ ದಿನಗಳ ಮೇಲೆ ಅಲ್ಲಿಗೆ ಬಂದ ಸರಕು ಅದೇ.

ಇಷ್ಟು ವರ್ಷವಾದರೂ ಅರೆನಿದ್ದೆಯಲ್ಲಿ ಆ ಹರಗೋಲು ತಿರುಗುತ್ತಲೇ ಇರುತ್ತದೆ. ಪ್ರತಿ ಸಲವೂ ನಾನು ಪೆಟ್ಟಿಗೆಯನ್ನು ಮೊದಲೇ ಎಸೆಯುತ್ತೇನೆ, ಗುಮಾಸ್ತನನ್ನು ಗದರಿಸುತ್ತೇನೆ, ಹೆಂಗಸಿನ ಮರಿ ಹಿಡಿಯುತ್ತೇನೆ. ಹೊಳೆಯಲ್ಲಿ ಮಾಡಿದ್ದು ಇದರಲ್ಲಿ ಒಂದೂ ಇಲ್ಲ.

ಕಾಕಾ ಅದೇ ವಾರ ನಮ್ಮೂರ ದಂಡೆಗೆ ಮರಳಿದ. “ಇಲ್ಲಿ ಮಂದಿ ಇಲ್ಲ, ಖರೆ. ಮುಳುಗೂದೂ ಇಲ್ಲ,” ಎಂದನಂತೆ. ನಾನು ಹೈದರಾಬಾದಿನಿಂದ ಅಪ್ಪನಿಗೆ ಕಾಗದ ಬರೆದು, ಊರವರೆಲ್ಲ ಇನ್ನು ಕಾಕಾನ ಹರಗೋಲಿನಲ್ಲೇ ದಾಟಬೇಕು, ಜೀವಕ್ಕಿಂತ ರಸ್ತೆ ದೊಡ್ಡದಲ್ಲ ಎಂದು ಉಪದೇಶಿಸಿದೆ. ಅಪ್ಪ ಅದನ್ನು ಕಟ್ಟೆಯ ಮೇಲೆ ಓದಿಸಿದರಂತೆ. ಎಲ್ಲರೂ ತಲೆದೂಗಿದರಂತೆ.

ಮರುವರ್ಷ ದಸರಾ ಮುಗಿಸಿ ಹೊರಟಾಗ ಹೊಳೆ ಮತ್ತೆ ತುಂಬಿತ್ತು. ಕಾಕಾನ ದಂಡೆಯಿಂದ ದಾಟಿದರೆ ಆಚೆ ಎರೆಮಣ್ಣಿನ ಕೆಸರಿನಲ್ಲಿ ಹರದಾರಿಗಟ್ಟಲೆ ನಡೆಯಬೇಕು, ಟಾಂಗಾ ಇಲ್ಲ, ರೈಲಿನ ಹೊತ್ತು ಬೇರೆ. ನಾನು ಹೊಸ ಪೆಟ್ಟಿಗೆ ಹೊತ್ತು ಅವನ ಮುಂದಿನಿಂದಲೇ ದೊಡ್ಡ ದಂಡೆಯ ದಾರಿ ಹಿಡಿದೆ.

“ಎಲ್ಲಿಗೋ ತಮ್ಮಾ?”

“ರೈಲು ತಪ್ತದ ಕಾಕಾ. ಇಲ್ಲಿ ದಾಟಿದ್ರ ಆ ಕಡಿ ಟಾಂಗಾ ಸಿಗಂಗಿಲ್ಲ,” ಎಂದೆ. ಅವನ ಮುಖ ನೋಡಲಾಗಲಿಲ್ಲ.

“ಹೌದೌದು, ಹೋಗು,” ಎಂದ ಕಾಕಾ. “ಯಾದಗಿರಿ ಸಂತಿಗಿ ನಾನೂ ಅಲ್ಲೇ ದಾಟ್ತೇನಿ. ಆ ಕೆಸರಾಗ ಯಾರು ನಡೀಬೇಕು?”